ಬೂಟಲ್‌ನ ದಿನಚರಿ, ಈಸೂರಿನ ಮೂರು ದಿನ

1943ರ ಮಾರ್ಚ್ 8, ಸೋಮವಾರ. ಬಟ್ಟೆ ಒಗೆದೆ, ಒಣಗಲಿಲ್ಲ. ಮೀನಿಗೆ ಒಂದೂವರೆ ಗಂಟೆ ಸರದಿಯಲ್ಲಿ ನಿಂತೆ, ಸಿಗಲಿಲ್ಲ.

ಅಂಗೈಯಗಲದ ದಿನಚರಿಯಲ್ಲಿ ಪೆನ್ಸಿಲ್‌ನಿಂದ ಬರೆದ ಈ ಸಾಲುಗಳನ್ನು ನಾನು ಓದಿದ್ದು ಪಕ್ಕದ ಮನೆಯ ಅಜ್ಜಿಯ ಅಡುಗೆಮನೆಯಲ್ಲಿ. ಲಿವರ್‌ಪೂಲ್‌ಗೆ ಅಂಟಿಕೊಂಡಿರುವ ಬೂಟಲ್ ಎಂಬ ಬಂದರು ಪಟ್ಟಣಕ್ಕೆ ನಾನು ಬಂದು ಆರು ವರ್ಷವಾಯಿತು. ಆಸ್ಪತ್ರೆಯಲ್ಲಿ ದಾದಿಯ ಕೆಲಸ. ಅಜ್ಜಿಗೆ ತೊಂಬತ್ತು ದಾಟಿದೆ. ದಿನಚರಿ ಅವರ ತಾಯಿಯದು. ಅಪ್ಪ ಹಡಗುಕಟ್ಟೆಯಲ್ಲಿ ಮೂಟೆ ಇಳಿಸುತ್ತಿದ್ದರಂತೆ. ಅಜ್ಜಿಯ ಕಣ್ಣು ಈಗ ಸಣ್ಣ ಅಕ್ಷರಗಳಿಗೆ ಒಗ್ಗುವುದಿಲ್ಲ. ರಾತ್ರಿ ಪಾಳಿ ಇಲ್ಲದ ಸಂಜೆಗಳಲ್ಲಿ ನಾನು ಓದುತ್ತೇನೆ, ಅವರು ಕೇಳುತ್ತಾರೆ.

ನಮ್ಮ ಬೀದಿಯ ಮನೆಗಳೆಲ್ಲ ಒಂದಕ್ಕೊಂದು ಗೋಡೆ ಹಂಚಿಕೊಂಡ ಹಳೆಯ ಕೆಂಪು ಇಟ್ಟಿಗೆಯ ಮನೆಗಳು. ನಡುವೆ ಮೂರು ಮನೆಗಳ ಇಟ್ಟಿಗೆ ಮಾತ್ರ ಬೇರೆ ಬಣ್ಣದ್ದು, ಕಿಟಕಿಗಳೂ ಬೇರೆ ಅಳತೆಯವು. ಬಂದ ಹೊಸತರಲ್ಲಿ ಯಾರೋ ಅನುಕೂಲಸ್ಥರು ಕೆಡವಿ ಕಟ್ಟಿಸಿಕೊಂಡಿರಬೇಕು ಎಂದುಕೊಂಡಿದ್ದೆ. ಅವು 1941ರ ಮೇ ತಿಂಗಳ ಮೊದಲ ವಾರದ ಗುರುತು. ಆ ತಿಂಗಳ ಒಂದರಿಂದ ಏಳನೆಯ ತಾರೀಖಿನವರೆಗೆ ಏಳು ರಾತ್ರಿ ಜರ್ಮನ್ ವಿಮಾನಗಳು ಈ ಬಂದರಿನ ಮೇಲೆ ಬಾಂಬು ಸುರಿದವು. ಸುಮಾರು 1,700 ಜನ ಸತ್ತರು. ಮೂರನೆಯ ರಾತ್ರಿ ಹಸ್ಕಿಸನ್ ಕಟ್ಟೆಯಲ್ಲಿ ನಿಂತಿದ್ದ ಮಲಕಂದ್ ಎಂಬ ಹಡಗಿಗೆ ಬೆಂಕಿ ಹತ್ತಿತು. ಅದರ ಹೊಟ್ಟೆಯಲ್ಲಿ ಇದ್ದದ್ದು ಸುಮಾರು ಸಾವಿರ ಟನ್ ಮದ್ದುಗುಂಡು. ಅದು ಸಿಡಿದಾಗ ಕಬ್ಬಿಣದ ತುಂಡುಗಳು ಮೈಲುಗಟ್ಟಲೆ ದೂರ ಹೋಗಿ ಬಿದ್ದವು. ಗುರುತು ಸಿಗದವೂ ಸೇರಿ ಐನೂರಕ್ಕೂ ಹೆಚ್ಚು ಶವಗಳನ್ನು ಆನ್‌ಫೀಲ್ಡ್ ಸ್ಮಶಾನದಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ದಿನಚರಿಯಲ್ಲಿ ಆ ವಾರದ ಪುಟದ ತುಂಬ ಒಂದೇ ಮಾತು: 'ಎಲ್ಲರೂ ಇದ್ದೇವೆ.' ಏಳು ದಿನವೂ ಅದನ್ನೇ ಬರೆದಿದ್ದಾರೆ. ಏಳನೆಯ ಸಲ ಅದನ್ನು ಓದುವಾಗ ನನ್ನ ದನಿ ಕಟ್ಟಿತು.

ಶಾಲೆಯಲ್ಲಿ ನಾವು ಎರಡನೆಯ ಮಹಾಯುದ್ಧವನ್ನು 'ಕಾರಣಗಳು', 'ಪರಿಣಾಮಗಳು' ಎಂಬ ಎರಡು ತಲೆಬರಹಗಳಡಿ ಉರು ಹೊಡೆದಿದ್ದೆವು. ನಡುವಿನ ಎರಡು ಸಾವಿರಕ್ಕೂ ಹೆಚ್ಚು ದಿನಗಳಲ್ಲಿ ಜನ ಬೆಳಗ್ಗೆ ಎದ್ದು ಏನು ಮಾಡುತ್ತಿದ್ದರು ಎಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಈಗ ಗ್ರಂಥಾಲಯದಿಂದ ಯುದ್ಧದ ದಿನವಾರು ಚರಿತ್ರೆಯನ್ನು ತಂದು ಅಜ್ಜಿಯ ತಾಯಿಯ ದಿನಚರಿಯ ಪಕ್ಕದಲ್ಲಿ ಇಟ್ಟುಕೊಂಡು ಓದುತ್ತೇನೆ. ಒಂದೇ ತಾರೀಖಿಗೆ ಅಲ್ಲೊಂದು ಸಾಲು, ಇಲ್ಲೊಂದು ಸಾಲು. ಹಾಗೆ ಓದುವಾಗ ಮೀನು ಸಿಗದ ಸೋಮವಾರಕ್ಕೂ ನಡುಸಮುದ್ರಕ್ಕೂ ಇರುವ ನಂಟು ಕಾಣತೊಡಗುತ್ತದೆ.

ಬ್ರಿಟನ್ ಉಣ್ಣುತ್ತಿದ್ದ ಅನ್ನದ ದೊಡ್ಡ ಪಾಲು ಹಡಗಿನಲ್ಲೇ ಬರಬೇಕಿತ್ತು. ಜರ್ಮನಿಯ ಜಲಾಂತರ್ಗಾಮಿಗಳು ಅದನ್ನೇ ಗುರಿ ಇಟ್ಟವು. 1940ರ ಜನವರಿ 8ರಂದು ಬೆಣ್ಣೆ, ಸಕ್ಕರೆ, ಹಂದಿಮಾಂಸಕ್ಕೆ ರೇಷನ್ ಬಂತು, ಜುಲೈನಲ್ಲಿ ಚಹಾಕ್ಕೆ. ಒಬ್ಬರಿಗೆ ವಾರಕ್ಕೆ ಎರಡು ಔನ್ಸ್. ಅಜ್ಜಿಯ ಎದುರೇ ತಕ್ಕಡಿಯಲ್ಲಿ 57 ಗ್ರಾಂ ಚಹಾಪುಡಿ ತೂಗಿ ನೋಡಿದೆ. ಸಣ್ಣ ಬಟ್ಟಲೂ ತುಂಬಲಿಲ್ಲ. ಅಜ್ಜಿ ಅದರಲ್ಲಿ ಬೆರಳಾಡಿಸಿ, 'ಅಮ್ಮ ಒಂದೇ ಪುಡಿಯನ್ನು ಮೂರು ಸಲ ಕುದಿಸುತ್ತಿದ್ದಳು' ಎಂದರು. ಅವರ ನೀಲಿ ರಟ್ಟಿನ ರೇಷನ್ ಪುಸ್ತಕ ಇಂದಿಗೂ ಇದೆ; ಐದು ವರ್ಷ ದಾಟಿದ ಮಕ್ಕಳಿಗೆ ನೀಲಿಯದನ್ನು ಕೊಡುತ್ತಿದ್ದರು. ಯುದ್ಧ ಮುಗಿದ ಮೇಲೂ ರೇಷನ್ ಬಿಡಲಿಲ್ಲ. ಅದು ಪೂರ್ತಿ ತೊಲಗಿದ್ದು 1954ರ ಜುಲೈನಲ್ಲಿ, ಅಷ್ಟರಲ್ಲಿ ಅಜ್ಜಿಗೆ ಮದುವೆಯಾಗಿತ್ತು.

ಹಡಗುಗಳನ್ನು ಗುಂಪುಗೂಡಿಸಿ ಕಾವಲಿನಲ್ಲಿ ದಾಟಿಸುವ ಕೆಲಸದ ನೆಲೆ ಇದ್ದದ್ದು ಲಿವರ್‌ಪೂಲ್‌ನ ಡರ್ಬಿ ಹೌಸ್ ಎಂಬ ಕಟ್ಟಡದ ನೆಲಮಾಳಿಗೆಯಲ್ಲಿ. ಈಗ ಅದು ವಸ್ತುಸಂಗ್ರಹಾಲಯ. ಊರಿನಿಂದ ಯಾರು ಬಂದರೂ ಅಲ್ಲಿಗೆ ಕರೆದೊಯ್ಯುತ್ತೇನೆ. ಗೋಡೆಯೆತ್ತರದ ಅಟ್ಲಾಂಟಿಕ್ ನಕ್ಷೆಯ ಮುಂದೆ ಏಣಿಗಳಿವೆ. ಹಡಗುಪಡೆಯ ಯುವತಿಯರು ಹಗಲಿರುಳು ಆ ಏಣಿಗಳನ್ನು ಹತ್ತಿ ಇಳಿದು ಹಡಗುಗಳ ಗುರುತನ್ನು ಸರಿಸುತ್ತಿದ್ದರು. ಮುಳುಗಿದ ಹಡಗಿನ ಗುರುತನ್ನು ತೆಗೆಯುವವರೂ ಅವರೇ. ಆ ಏಣಿಗಳ ಮುಂದೆ ನಿಂತಾಗ ನನಗೆ ನಮ್ಮ ವಾರ್ಡಿನ ರಾತ್ರಿ ಪಾಳಿಯ ಹುಡುಗಿಯರೇ ನೆನಪಾಗುತ್ತಾರೆ.

ಈಗ ಆ ಸೋಮವಾರಕ್ಕೆ ಮರಳುತ್ತೇನೆ. ಎಸ್‌ಸಿ 121 ಎಂಬ ಹಡಗುಗುಂಪು ನ್ಯೂಯಾರ್ಕ್‌ನಿಂದ ಲಿವರ್‌ಪೂಲ್‌ಗೆ ಹೊರಟಿತ್ತು. ಬಿರುಗಾಳಿಗೆ ಚದುರಿದ ಅದರ ಮೇಲೆ 1943ರ ಮಾರ್ಚ್ 7ರಿಂದ 10ರವರೆಗೆ ಜಲಾಂತರ್ಗಾಮಿಗಳು ಎರಗಿ ಹನ್ನೆರಡು ಹಡಗುಗಳನ್ನು ಮುಳುಗಿಸಿದವು. ಚರಿತ್ರೆಯ ಪುಟದಲ್ಲಿ 8, 9, 10 ಎಂಬ ತಾರೀಖುಗಳನ್ನು ಓದುತ್ತಿದ್ದಂತೆ ನನ್ನ ಬೆರಳು ನಿಂತುಬಿಟ್ಟಿತು. ನಮ್ಮ ಕಡೆಯವರಿಗೆ ಅವು ಬೇರೆಯೇ ದಿನಗಳು.

ನನ್ನ ತವರು ಶಿಕಾರಿಪುರ ತಾಲ್ಲೂಕು. ಈಸೂರು ಅಲ್ಲಿಂದ ದೂರವಿಲ್ಲ. 1942ರಲ್ಲಿ ಕ್ವಿಟ್ ಇಂಡಿಯಾ ಕರೆ ಬಂದಾಗ ಆ ಊರು ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡಿತು. ಎಳೆಯ ಹುಡುಗರನ್ನೇ ಅಮಲ್ದಾರ, ಪೊಲೀಸ್ ಅಧಿಕಾರಿ ಎಂದು ನೇಮಿಸಿ ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಹಾರಿಸಿತು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಮಾತನ್ನು ನಾನು ತೊದಲುವ ವಯಸ್ಸಿನಲ್ಲೇ ಅಜ್ಜನಿಂದ ಕಲಿತೆ. ಸೆಪ್ಟೆಂಬರ್ 28ರ ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಸತ್ತರು. ಆಮೇಲೆ ಊರಿಗೆ ಪಡೆ ನುಗ್ಗಿತು, ಜನ ಕಾಡು ಸೇರಿದರು. ಮೈಸೂರು ಸಂಸ್ಥಾನವು ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿತು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಅದು 1943ರ ಮಾರ್ಚ್ 8, 9 ಮತ್ತು 10.

ಅಜ್ಜ ಹೇಳುತ್ತಿದ್ದ ಕಥೆಯಲ್ಲಿ ಯುದ್ಧದ ಸುದ್ದಿಯೇ ಇರಲಿಲ್ಲ. ಇಲ್ಲಿಯ ಚರಿತ್ರೆಯಲ್ಲಿ ಈಸೂರಿಲ್ಲ. ತಾರೀಖು ಮಾತ್ರ ಒಂದೇ.

ಇನ್ನೊಂದು ಲೆಕ್ಕವನ್ನೂ ಇಲ್ಲೇ ಹೇಳಬೇಕು. ಆ ವರ್ಷದ ಜನವರಿಯಲ್ಲಿ ಚರ್ಚಿಲ್ ಹಿಂದೂ ಮಹಾಸಾಗರದ ಸರಕು ಹಡಗುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಅಟ್ಲಾಂಟಿಕ್‌ಗೆ ತಿರುಗಿಸಲು ಆಜ್ಞೆ ಮಾಡಿದರು. ಬರ್ಮಾದ ಅಕ್ಕಿ ಜಪಾನಿನ ಪಾಲಾಗಿತ್ತು, ಬಂಗಾಳದ ದೋಣಿಗಳನ್ನು ಸರ್ಕಾರವೇ ಕಿತ್ತುಕೊಂಡಿತ್ತು, ಬೆಲೆ ಕೈಮೀರಿತ್ತು. ಧಾನ್ಯ ಬೇಕೆಂದು ದೆಹಲಿಯಿಂದ ಹೋದ ಮೊರೆಗಳಿಗೆ ಲಂಡನ್ನಿನ ಉತ್ತರ ಹೆಚ್ಚಾಗಿ ಹಡಗಿಲ್ಲ ಎಂಬುದೇ ಆಗಿತ್ತು. ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಹಸಿವಿನಿಂದಲೂ ರೋಗದಿಂದಲೂ ಸತ್ತರೆಂದು ಅಂದಾಜು. ಅಜ್ಜಿಯ ಅಪ್ಪ ಇಳಿಸಿದ ಗೋಧಿ ಮೂಟೆಯ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ತಿಂದು ಬದುಕಿದ ಹುಡುಗಿಯ ಪಕ್ಕದಲ್ಲೇ ಕುಳಿತು ನಾನು ಚಹಾ ಕುಡಿಯುತ್ತೇನೆ. ಆದರೆ ಹಡಗುಗಳನ್ನು ಎಲ್ಲಿಗೆ ಕಳಿಸಬೇಕೆಂದು ನಿರ್ಧರಿಸಿದ ಮೇಜಿನ ಮೇಲೆ ಬಂಗಾಳದ ತಟ್ಟೆಗೆ ಬೆಲೆ ಇರಲಿಲ್ಲ. ಇದನ್ನು ಮೆತ್ತಗೆ ಹೇಳಲು ನನಗೆ ಮನಸ್ಸಿಲ್ಲ.

ಈಸೂರಿನ ಕಥೆಯನ್ನು ಅಜ್ಜಿಗೆ ಹೇಳಬೇಕೋ ಬೇಡವೋ ಎಂದು ಎರಡು ವಾರ ಯೋಚಿಸಿದೆ. ಕೊನೆಗೆ ಹೇಳಿದೆ. ಅವರು ನಡುವೆ ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ, 'ಬುಧವಾರದ್ದು ಓದು' ಎಂದರು. ಮಾರ್ಚ್ 10ರ ಜಾಗದಲ್ಲಿ ಅವರ ತಾಯಿ ಬರೆದದ್ದು ಇಷ್ಟೇ: ಅಂಗಳದಲ್ಲಿ ಈರುಳ್ಳಿ ಬೀಜ ಹಾಕಿದೆ, ಮಗಳಿಗೆ ಕೆಮ್ಮು.

'ಅವರ ಹೆಸರುಗಳನ್ನು ಇಲ್ಲಿ ಬರೆ' ಎಂದು ಪೆನ್ಸಿಲ್ ಮುಂದೆ ಚಾಚಿದರು. ಬೇರೆಯವರ ತಾಯಿಯ ದಿನಚರಿಯಲ್ಲಿ ಬರೆಯಲು ನನಗೆ ಕೈ ಬರಲಿಲ್ಲ. ಒಂದು ಚೀಟಿಯಲ್ಲಿ ಐದು ಹೆಸರುಗಳನ್ನು ಕನ್ನಡದಲ್ಲಿ ಬರೆದು ಓದಿ ಹೇಳಿದೆ. ಹಾಲಪ್ಪ ಎಂಬುದನ್ನು ಅವರು ಮೂರು ಸಲ ಹೇಳಿ ಸರಿಮಾಡಿಕೊಂಡರು. ಆಮೇಲೆ ಚೀಟಿಯನ್ನು ಮಡಿಸಿ ಆ ವಾರದ ಪುಟದಲ್ಲಿಟ್ಟು, ದಿನಚರಿಗೆ ರಬ್ಬರ್ ಪಟ್ಟಿ ಹಾಕಿದರು.