ಲೆಕ್ಕ ಅದೇ, ಹಾಳೆ ಬೇರೆ

ಕಲಿಕೆಯಲ್ಲಿ ತೊಡಕಿರುವ ಮಗುವಿಗೆ ಗಣಿತದ ಮನೆಗೆಲಸವನ್ನು ಹೊಂದಿಸಿ ಕೊಡಬೇಕೆಂದಾಗ ನಮ್ಮಲ್ಲಿ ಹೆಚ್ಚಿನವರ ಕೈ ಮೊದಲು ಹೋಗುವುದು ಸಂಖ್ಯೆಗಳ ಕಡೆಗೆ. ಮೂರಂಕಿಯ ಲೆಕ್ಕವನ್ನು ಎರಡಂಕಿಗೆ ಇಳಿಸುತ್ತೇವೆ, ದಶಕ ತೆಗೆದುಕೊಳ್ಳುವ ಲೆಕ್ಕಗಳನ್ನು ಕೈಬಿಡುತ್ತೇವೆ, ಅದೂ ಆಗದಿದ್ದರೆ ಕೆಳಗಿನ ತರಗತಿಯ ಅಭ್ಯಾಸದ ಹಾಳೆಯನ್ನೇ ಕೊಟ್ಟು ಸುಮ್ಮನಾಗುತ್ತೇವೆ. ಮಗು ಹಾಳೆ ತುಂಬಿಸುತ್ತದೆ, ನಮಗೂ ಸಮಾಧಾನವಾಗುತ್ತದೆ. ಆದರೆ ಆ ತರಗತಿಯಲ್ಲಿ ಕಲಿಯಬೇಕಾದದ್ದು ಅದರ ಪಾಲಿಗೆ ಬರುವುದೇ ಇಲ್ಲ. ಕೆಲವು ಮಕ್ಕಳಿಗೆ ಪಾಠವನ್ನೇ ಹಿಂದಕ್ಕೆ ತೆಗೆದುಕೊಂಡು ಹೋಗುವುದು ಅನಿವಾರ್ಯ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಕೊನೆಯ ಉಪಾಯವಾಗಬೇಕು. ಲೆಕ್ಕವನ್ನು ಮುಟ್ಟುವ ಮೊದಲು ಹಾಳೆಯಲ್ಲಿ ಬದಲಿಸಬಹುದಾದ ಸಂಗತಿಗಳು ಬೇಕಾದಷ್ಟಿವೆ.

ಒಂದು ಸಾಧಾರಣ ಹಾಳೆ ಮಗುವಿನಿಂದ ಏನೆಲ್ಲ ಕೇಳುತ್ತದೆ ಎಂಬುದನ್ನು ನೋಡಿ. ಸೂಚನೆಯನ್ನು ಓದಬೇಕು, ಲೆಕ್ಕವನ್ನು ಪುಸ್ತಕಕ್ಕೆ ಇಳಿಸಿಕೊಳ್ಳಬೇಕು, ಬಿಡಿಯ ಕೆಳಗೆ ಬಿಡಿ ಹತ್ತರ ಕೆಳಗೆ ಹತ್ತು ಬರುವಂತೆ ಅಂಕಿ ಜೋಡಿಸಬೇಕು, ಮಗ್ಗಿಯನ್ನು ನೆನಪಿನಿಂದ ತೆಗೆಯಬೇಕು, ಮಧ್ಯದ ಉತ್ತರವನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕು, ಇಷ್ಟನ್ನೂ ಬೇಗ ಮುಗಿಸಬೇಕು. ಇವುಗಳಲ್ಲಿ ಆ ದಿನದ ಪಾಠಕ್ಕೆ ಸೇರಿದ್ದು ಒಂದೋ ಎರಡೋ. ಡಿಸ್ಲೆಕ್ಸಿಯಾ, ಅಂದರೆ ಓದುವುದರಲ್ಲಿ ತೊಡಕು, ಇರುವ ಮಗು ಸೂಚನೆಯಲ್ಲೇ ಸೋಲಬಹುದು, ಬರೆಯುವುದೇ ಕಷ್ಟವಾಗಿರುವ ಮಗು ಅಂಕಿ ಜೋಡಿಸುವುದರಲ್ಲಿ ಸೋಲಬಹುದು, ಡಿಸ್ಕ್ಯಾಲ್ಕುಲಿಯಾ, ಅಂದರೆ ಸಂಖ್ಯೆಗಳನ್ನು ಗ್ರಹಿಸುವುದರಲ್ಲೇ ತೊಡಕು, ಇರುವ ಮಗುವಿಗೆ ಸಂಖ್ಯೆಯ ಪರಿಮಾಣವೇ ಮನಸ್ಸಿನಲ್ಲಿ ನಿಲ್ಲದೆ ಹೋಗಬಹುದು. ಮೂವರ ಪುಸ್ತಕದಲ್ಲೂ ಕಾಣುವುದು ಅದೇ ಕೆಂಪು ಗುರುತು. ಆದ್ದರಿಂದ ಹಾಳೆಯನ್ನು ಮಗುವಿಗೆ ಹೊಂದಿಸಲು ಕೂರುವಾಗ ನಾನು ಮೊದಲು ಕೇಳಿಕೊಳ್ಳುವುದು, ಈ ಹಾಳೆ ಪರೀಕ್ಷಿಸಬೇಕಾದ ಗಣಿತ ಯಾವುದು ಎಂದು. ಉಳಿದ ಹೊರೆಯನ್ನೆಲ್ಲ ಇಳಿಸಲು ಆಮೇಲೆ ಸಂಕೋಚವಿರುವುದಿಲ್ಲ.

ವ್ಯವಕಲನವನ್ನೇ ತೆಗೆದುಕೊಳ್ಳೋಣ. 52ರಿಂದ 37 ಕಳೆಯಲು ಹೇಳಿದಾಗ 25 ಎಂದು ಬರೆಯುವ ಮಕ್ಕಳು ಎಲ್ಲ ಕಡೆಯೂ ಇದ್ದಾರೆ. 2ರಲ್ಲಿ 7 ಹೋಗುವುದಿಲ್ಲವಾದ್ದರಿಂದ ಅವರು 7ರಲ್ಲಿ 2 ಕಳೆದಿರುತ್ತಾರೆ. 403ರಿಂದ 178 ಕಳೆಯಲು ಹೇಳಿದರೆ ಅದೇ ನಿಯಮದಂತೆ 375 ಬರುತ್ತದೆ. ಇದು ಅಜಾಗರೂಕತೆಯಲ್ಲ, ತಪ್ಪದೆ ಪಾಲಿಸಿದ ಒಂದು ತಪ್ಪು ನಿಯಮ. ಮಕ್ಕಳ ಇಂಥ ತಪ್ಪುಗಳಲ್ಲಿ ಕ್ರಮವಿರುತ್ತದೆ ಎಂಬುದನ್ನು ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ವಿವರವಾಗಿ ತೋರಿಸಿದ್ದಾರೆ. ಇಂಥ ಮಗುವಿಗೆ 28ರಿಂದ 15 ಕಳೆಯುವ ಸುಲಭದ ಲೆಕ್ಕಗಳನ್ನು ಕೊಟ್ಟರೆ ಎಲ್ಲವೂ ಸರಿಯಾಗುತ್ತವೆ, ಏಕೆಂದರೆ ಆ ತಪ್ಪು ನಿಯಮಕ್ಕೆ ಅಲ್ಲಿ ಕೆಲಸವೇ ಇಲ್ಲ. ಸುಲಭ ಮಾಡಿದ ಹಾಳೆ ತೊಂದರೆಯನ್ನು ಮುಚ್ಚಿಟ್ಟಿತು, ಅಷ್ಟೆ.

52−37 ಹಾಗೆಯೇ ಇರಲಿ; ಅದರ ಪಕ್ಕದಲ್ಲಿ ಹತ್ತು ಹತ್ತರಂತೆ ಕಟ್ಟಿದ ಐದು ಕಟ್ಟು ಕಡ್ಡಿಗಳೂ ಎರಡು ಬಿಡಿ ಕಡ್ಡಿಗಳೂ ಇರಲಿ. ಏಳು ಬಿಡಿ ಕಡ್ಡಿಗಳನ್ನು ತೆಗೆಯಬೇಕಾದರೆ ಒಂದು ಕಟ್ಟನ್ನು ಬಿಚ್ಚದೆ ದಾರಿಯಿಲ್ಲ ಎಂಬುದು ಕೈಗೇ ತಿಳಿಯುತ್ತದೆ. ಮುಂದಿನ ಹಾಳೆಯಲ್ಲಿ ಕಡ್ಡಿಗಳ ಬದಲು ಕಟ್ಟಿಗೆ ಗೆರೆ, ಬಿಡಿಗೆ ಚುಕ್ಕೆ ಇರುವ ಚಿತ್ರವಿರಬೇಕು, ಅದರಾಚೆಗೆ ಅಂಕಿ ಮಾತ್ರ. ಕೈಯಿಂದ ಮಾಡಿ, ಚಿತ್ರದಲ್ಲಿ ಕಂಡು, ಸಂಕೇತಕ್ಕೆ ಬರುವ ಈ ಕ್ರಮದ ಬೇರು ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಮಂಡಿಸಿದ ವಿಚಾರದಲ್ಲಿದೆ. ಎಡವುವುದು ಹೆಚ್ಚಾಗಿ ಮಧ್ಯದಲ್ಲಿ: ಕಡ್ಡಿಯ ಪಾಠ ಒಂದು ದಿನ, ಅಂಕಿಯ ಪಾಠ ಇನ್ನೊಂದು ದಿನ ಎಂದಾದರೆ ಮಗುವಿಗೆ ಅವೆರಡೂ ಬೇರೆ ಬೇರೆ ಆಟಗಳು. ಕಟ್ಟು ಬಿಚ್ಚಿದ ಆ ಕ್ಷಣದಲ್ಲೇ 5ನ್ನು ಹೊಡೆದು 4 ಎಂದು ಬರೆಯಬೇಕು, 2ರ ಜಾಗದಲ್ಲಿ 12 ಎಂದು ಬರೆಯಬೇಕು.

ಹಾಳೆಯ ರೂಪದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಚೌಕಳಿ ಕಾಗದ, ಒಂದು ಚೌಕಕ್ಕೆ ಒಂದೇ ಅಂಕಿ, ದೊಡ್ಡ ಅಕ್ಷರ, ಲೆಕ್ಕಗಳ ನಡುವೆ ಧಾರಾಳವಾದ ಜಾಗ. ಚಿತ್ರವಿದ್ದರೆ ಅದು ಲೆಕ್ಕಕ್ಕೆ ಸಂಬಂಧಿಸಿರಬೇಕು, ಅಲಂಕಾರದ ಚಿಟ್ಟೆ ಹೂಗಳು ಬೇಡ. ಇಪ್ಪತ್ತು ಲೆಕ್ಕಗಳನ್ನು ಆರಕ್ಕೆ ಇಳಿಸುವುದು ಒಳ್ಳೆಯದೇ, ಆದರೆ ಮೊದಲ ಆರನ್ನು ಉಳಿಸಿ ಮಿಕ್ಕವನ್ನು ಹೊಡೆದುಹಾಕುವುದು ಆಯ್ಕೆಯಲ್ಲ. ಆ ಆರರಲ್ಲಿ ದಶಕ ತೆಗೆಯದ ಲೆಕ್ಕವೂ ಇರಬೇಕು, ತೆಗೆಯುವ ಲೆಕ್ಕವೂ ಇರಬೇಕು, 403ರಂತೆ ಮಧ್ಯದಲ್ಲಿ ಸೊನ್ನೆಯಿರುವುದೂ ಒಂದಿರಬೇಕು.

ಮಗ್ಗಿಯ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಲು ಬಿಟ್ಟರೆ ಮಕ್ಕಳು ಅದಕ್ಕೇ ಅಂಟಿಕೊಳ್ಳುತ್ತಾರೆ ಎಂಬ ಆಕ್ಷೇಪ ನನಗೆ ಅರ್ಥವಾಗುತ್ತದೆ, ಆದರೆ ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಭಾಗಾಕಾರದ ಕ್ರಮವನ್ನು ಕಲಿಸುವ ದಿನ ಏಳೆಂಟಲ ಎಷ್ಟು ಎಂಬಲ್ಲಿ ಮಗು ಸಿಕ್ಕಿಹಾಕಿಕೊಂಡರೆ ಭಾಗಾಕಾರವೂ ಬರಲಿಲ್ಲ, ಮಗ್ಗಿಯೂ ಬರಲಿಲ್ಲ. ಅಂದು ಪಟ್ಟಿ ಇರಲಿ. ಮಗ್ಗಿಗೆ ಬೇರೆ ಹೊತ್ತು ಮೀಸಲಿರಲಿ. ಹತ್ತರವರೆಗಿನ ನೂರು ಗುಣಲಬ್ಧಗಳಲ್ಲಿ 3×7 ಮತ್ತು 7×3 ಒಂದೇ ಎಂದು ತಿಳಿದರೆ ಉಳಿಯುವುದು 55. 1, 2, 5, 10ರ ಮಗ್ಗಿ ಬರುವವರಿಗೆ ಅದರಲ್ಲೂ ಬಾಕಿ ಇರುವುದು ಕೇವಲ 21. ಪಟ್ಟಿಯಲ್ಲಿ ಬಂದಷ್ಟನ್ನು ಮಗುವೇ ಕಪ್ಪು ಬಳಿದು ಮುಚ್ಚುತ್ತಾ ಹೋದರೆ ಪಟ್ಟಿ ತಾನಾಗಿ ಸಣ್ಣದಾಗುತ್ತದೆ.

ಬಿಡಿಸಿದ ಲೆಕ್ಕಗಳ ಬಳಕೆಯೂ ಹೀಗೆಯೇ. ಹೊಸ ವಿಷಯ ಕಲಿಯುವವರಿಗೆ ಬಿಡಿಸಿದ ಉದಾಹರಣೆಗಳನ್ನು ಅಭ್ಯಸಿಸುವುದು ನೆರವಾಗುತ್ತದೆ ಎಂಬುದನ್ನು ಮನೋವಿಜ್ಞಾನಿ ಜಾನ್ ಸ್ವೆಲ್ಲರ್ ಮತ್ತು ಸಂಗಡಿಗರು 1980ರ ದಶಕದಿಂದ ಪ್ರಯೋಗಗಳಲ್ಲಿ ತೋರಿಸುತ್ತ ಬಂದಿದ್ದಾರೆ. ಮೊದಲ ಲೆಕ್ಕವನ್ನು ಪೂರ್ತಿ ಬಿಡಿಸಿ ಕೊಡಿ, ಎರಡನೆಯದರಲ್ಲಿ ಕೊನೆಯ ಹಂತ ಮಾತ್ರ ಖಾಲಿಯಿರಲಿ, ಮೂರನೆಯದರಲ್ಲಿ ಕೊನೆಯ ಎರಡು ಹಂತಗಳು, ಆಮೇಲಿನದು ಪೂರ್ತಿ ಮಗುವಿನದು.

ವಾಕ್ಯರೂಪದ ಲೆಕ್ಕಗಳಲ್ಲಿ ‘ಒಟ್ಟು’ ಎಂದಿದ್ದರೆ ಕೂಡು, ‘ಹೆಚ್ಚು’ ಎಂದಿದ್ದರೆ ಕೂಡು, ‘ಉಳಿದ’ ಎಂದಿದ್ದರೆ ಕಳೆ ಎಂದು ಹೇಳಿಕೊಡುವ ರೂಢಿ ಬಹಳ ಹಳೆಯದು, ಅಷ್ಟೇ ಹಾನಿಕರವೂ ಹೌದು. “ಕೆಂಪು ಪೆಟ್ಟಿಗೆಯಲ್ಲಿ 34 ಪೆನ್ಸಿಲ್‌ಗಳಿವೆ. ಅದು ನೀಲಿ ಪೆಟ್ಟಿಗೆಯಲ್ಲಿರುವುದಕ್ಕಿಂತ 8 ಹೆಚ್ಚು. ನೀಲಿ ಪೆಟ್ಟಿಗೆಯಲ್ಲಿ ಎಷ್ಟಿವೆ?” ಇಲ್ಲಿ ‘ಹೆಚ್ಚು’ ನೋಡಿ ಕೂಡಿದ ಮಗು 42 ಎನ್ನುತ್ತದೆ, ಉತ್ತರ 26. ಇದನ್ನು ಗಟ್ಟಿಯಾಗಿ ಓದಿ ಹೇಳಬಹುದು, ವಾಕ್ಯಗಳನ್ನು ಇನ್ನೂ ಚಿಕ್ಕದು ಮಾಡಬಹುದು, ಉದ್ದ ಪಟ್ಟೆಯೊಂದು ಗಿಡ್ಡ ಪಟ್ಟೆಯೊಂದು ಎಳೆದು ಯಾವುದು ಕೆಂಪು ಯಾವುದು ನೀಲಿ ಎಂದು ಗುರುತಿಸಲು ಹೇಳಬಹುದು. ಉತ್ತರ ಕೇಳದೆ, ಪಟ್ಟೆ ಎಳೆಯುವವರೆಗೆ ಮಾತ್ರ ಮಾಡಿಸುವ ಹಾಳೆಗಳೂ ನನಗೆ ಇಷ್ಟ.

ಅಂಕ ಕೊಡುವಾಗ ದಾರಿಗೂ ಉತ್ತರಕ್ಕೂ ಬೇರೆ ಬೇರೆ ಅಂಕ ಇಡುತ್ತೇನೆ, ಗಡಿಯಾರವನ್ನು ಬದಿಗಿಡುತ್ತೇನೆ, ಮತ್ತು ಹಾಳೆಯ ಮೂಲೆಯಲ್ಲಿ ಯಾವ ನೆರವು ಕೊಡಲಾಗಿತ್ತು ಎಂದು ಬರೆಯುತ್ತೇನೆ: ಕಡ್ಡಿ, ಮಗ್ಗಿಯ ಪಟ್ಟಿ, ಓದಿ ಹೇಳಿದ್ದು. ಆ ಟಿಪ್ಪಣಿಯಿಲ್ಲದೆ ಹತ್ತಕ್ಕೆ ಎಂಟು ಎಂಬ ಅಂಕ ಮನೆಯವರಿಗಾಗಲಿ ಮುಂದಿನ ತರಗತಿಯ ಶಿಕ್ಷಕರಿಗಾಗಲಿ ಏನನ್ನೂ ತಿಳಿಸುವುದಿಲ್ಲ, ಯಾವ ನೆರವನ್ನು ಯಾವಾಗ ಹಿಂತೆಗೆಯಬಹುದು ಎಂದು ನಿರ್ಧರಿಸಲು ನನಗೂ ಆಧಾರ ಉಳಿಯುವುದಿಲ್ಲ.