ತುಟಿಗೆ ಅಂಟುವ ಸೂಪು

"ಇದರಲ್ಲಿ ಎಷ್ಟು ಗ್ರಾಂ ಕಾಲಜನ್ ಇದೆ ಅಂತ ಹೇಗೆ ಗೊತ್ತಾಗುತ್ತೆ ಅಜ್ಜಿ?" ಎಂದು ಮೈದುನನ ಮಗ ಕೇಳಿದ್ದಕ್ಕೆ ನಮ್ಮತ್ತೆ ಕೊಟ್ಟ ಉತ್ತರ ಈ ವಾರವಿಡೀ ನನ್ನ ಕಿವಿಯಲ್ಲಿದೆ. ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುಳಿತಿದ್ದ ಅವರು, ಎಡಗೈಯಲ್ಲಿ ಲೋಟ ಎತ್ತಿ ಒಂದು ಗುಟುಕು ಕಾಲು ಸೂಪು ಕುಡಿದು, ತುಟಿಗಳನ್ನು ಒಮ್ಮೆ ಒತ್ತಿ ಬಿಡಿಸಿ, "ತುಟಿ ಅಂಟ್ತು, ಸಾಕು ಬಿಡು" ಎಂದರು. ಅಜ್ಜಿಯ ಮೂಳೆ ಬೇಗ ಕೂಡಲೆಂದು ಅವನು ಒಂದು ಡಬ್ಬಿ ಕಾಲಜನ್ ಪುಡಿ ತಂದಿದ್ದ. ಹುಡುಗ ಒಳ್ಳೆಯವನೇ, ಆದರೆ ಡಬ್ಬಿಯ ಮೇಲೆ ಅಚ್ಚಾದದ್ದನ್ನಷ್ಟೇ ನಂಬುವವನು, ಬೆಲೆ ಹೆಚ್ಚಿದಷ್ಟೂ ಹೆಚ್ಚು ನಂಬುವವನು.

ಅತ್ತೆಯ ಪರೀಕ್ಷೆಯಲ್ಲಿ ತಪ್ಪೇನೂ ಇಲ್ಲ. ಕುರಿಯ ಕಾಲಿನಲ್ಲಿ ಮಾಂಸ ಇಲ್ಲವೆನ್ನುವಷ್ಟು ಕಡಿಮೆ. ಇರುವುದೆಲ್ಲ ಚರ್ಮ, ನರ, ಮೃದ್ವಸ್ಥಿ ಮತ್ತು ಮೂಳೆ. ಇವುಗಳಲ್ಲಿರುವ ಕಾಲಜನ್ ಎಂಬ ಪ್ರೋಟೀನು ನೀರಿನಲ್ಲಿ ಬಹಳ ಹೊತ್ತು ಬೆಂದಾಗ ತನ್ನ ಮೂರೆಳೆಯ ಹುರಿ ಬಿಚ್ಚಿಕೊಂಡು ಜೆಲಾಟಿನ್ ಎಂಬ ಅಂಟಾಗುತ್ತದೆ. ತುಟಿಗೆ ಅಂಟುವುದು ಅದೇ. ಆದ್ದರಿಂದ ಅಂಗಡಿಯವನು ಸುಟ್ಟು ಕೊಟ್ಟ ಕಾಲುಗಳ ಮೇಲಿನ ಕರಿಯನ್ನು ಹೆರೆದು ತೊಳೆಯಬೇಕೇ ಹೊರತು ಚರ್ಮ ಸುಲಿಸಬಾರದು. ನೀರು ಮುಳುಗುವಷ್ಟಿದ್ದರೆ ಸಾಕು. ಧಾರಾಳವಾಗಿ ಸುರಿದವರಿಗೆ ತಿಳಿನೀರೇ ಗತಿ. ಅರಿಸಿನ, ಜಜ್ಜಿದ ಮೆಣಸು, ಜೀರಿಗೆ, ಬೆಳ್ಳುಳ್ಳಿ, ಸಾಂಬಾರ್ ಈರುಳ್ಳಿ ಹಾಕಿ, ಮೊದಲ ವಿಷಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ ಬಿಡುತ್ತೇನೆ. ಕುಕ್ಕರಿನ ಪೂರ್ವಜನಾದ ಒತ್ತಡದ ಪಾತ್ರೆಯನ್ನು 1679ರಲ್ಲಿ ಲಂಡನ್ನಿನಲ್ಲಿ ತೋರಿಸಿದ ಡೆನಿಸ್ ಪಾಪಿನ್ ಕೂಡ ಅದನ್ನು ಮೂಳೆ ಮೆತ್ತಗಾಗಿಸುವ ಯಂತ್ರವೆಂದೇ ಪರಿಚಯಿಸಿದ್ದ.

ಮರುದಿನ ಫ್ರಿಜ್ ತೆರೆದ ಹುಡುಗ, "ದೊಡ್ಡಮ್ಮ, ಇದು ಬರೀ ಕೊಬ್ಬು!" ಎಂದು ಗಾಬರಿಯಾದ. ಮೇಲೆ ಬಿಳಿಯಾಗಿ ಹೆಪ್ಪುಗಟ್ಟಿದ್ದ ಕೊಬ್ಬಿನ ತೆಳು ಪದರವನ್ನು ಚಮಚದಿಂದ ಎತ್ತಿ ತೆಗೆದೆ. ಅದರ ಕೆಳಗೆ ತಿಳಿಕಂದು ಬಣ್ಣದ ಸೂಪು ಪಾತ್ರೆ ವಾಲಿಸಿದರೂ ಹರಿಯದೆ ನಡುಗುತ್ತ ನಿಂತಿತ್ತು. ಒಂದು ಚೂರನ್ನು ಅವನ ಅಂಗೈ ಮೇಲಿಟ್ಟೆ. ಮೈಶಾಖಕ್ಕೇ ಕರಗಿ ಬೆರಳ ಸಂದಿಗೆ ಇಳಿದು ಅಂಟಿತು. ಎಷ್ಟು ಗ್ರಾಂ ಎಂದು ಅದು ಹೇಳದಿದ್ದರೂ ಇದೆಯೋ ಇಲ್ಲವೋ ಎಂಬುದನ್ನಂತೂ ಹೇಳಿತು. ಅವನ ಪುಡಿಯನ್ನೂ ನೀರಿನಲ್ಲಿ ಕದಡಿ ಅಲ್ಲೇ ಇಟ್ಟೆವು. ಅದು ನೀರಾಗಿಯೇ ಉಳಿಯಿತು. ನೀರಿನಲ್ಲಿ ಸುಲಭವಾಗಿ ಕರಗಲೆಂದು ಅದರ ಎಳೆಗಳನ್ನು ಕಾರ್ಖಾನೆಯಲ್ಲೇ ಚಿಕ್ಕದಾಗಿ ತುಂಡರಿಸಿರುತ್ತಾರೆ, ಹಾಗಾಗಿ ಅದು ಹೆಪ್ಪುಗಟ್ಟುವುದಿಲ್ಲ.

ಹಾಗೆಂದು ಅತ್ತೆಯ ಪಕ್ಷವನ್ನೂ ನಾನು ಪೂರ್ತಿ ವಹಿಸಲಾರೆ. "ಅಂಟು ಹೋಗಿ ಮೂಳೆಗೆ ಅಂಟುತ್ತೆ" ಎಂಬುದು ಅವರ ನಂಬಿಕೆ. ಆದರೆ ಹೊಟ್ಟೆಗೆ ಇಳಿದ ಜೆಲಾಟಿನ್ ಯಾವುದೇ ಪ್ರೋಟೀನಿನಂತೆ ಜೀರ್ಣವಾಗಿ ಚೂರುಚೂರಾಗುತ್ತದೆಯೇ ವಿನಾ ನೆಟ್ಟಗೆ ಮಣಿಕಟ್ಟಿಗೆ ಹೋಗಿ ಕೂರುವುದಿಲ್ಲ. ಮೂಳೆಯ ಸುಣ್ಣದ ಅಂಶವೂ ಸೂಪಿಗೆ ಇಳಿಯುವುದು ಅತ್ಯಲ್ಪ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಮೂಳೆಯಿಂದ ತೆಗೆದ ಜೆಲಾಟಿನ್ ಸೂಪನ್ನು ಬಡವರಿಗೂ ಆಸ್ಪತ್ರೆಯ ರೋಗಿಗಳಿಗೂ ಅಗ್ಗದ ಪೌಷ್ಟಿಕ ಆಹಾರವೆಂದು ಹಂಚುತ್ತಿದ್ದರು. ಫ್ರೆಂಚ್ ಶರೀರಕ್ರಿಯಾ ವಿಜ್ಞಾನಿ ಮಜಾಂಡಿ ನೇತೃತ್ವದ ಸಮಿತಿ ನಾಯಿಗಳ ಮೇಲೆ ಪರೀಕ್ಷಿಸಿ, ಬರೀ ಅದನ್ನೇ ತಿಂದು ಬದುಕಲಾಗದೆಂದು 1841ರಲ್ಲಿ ವರದಿ ಕೊಟ್ಟಿತು. ದೇಹಕ್ಕೆ ಬೇಕೇಬೇಕಾದ, ಪ್ರೋಟೀನಿನ ಘಟಕಗಳಲ್ಲೊಂದಾದ ಟ್ರಿಪ್ಟೋಫ್ಯಾನ್ ಜೆಲಾಟಿನ್‌ನಲ್ಲಿ ಇಲ್ಲವೆಂಬುದು ಗೊತ್ತಾದದ್ದು ಆಮೇಲೆ. ಅಗ್ಗದ್ದೆಂದು ಅಂದು ಬಡವರಿಗೆ ಬಡಿಸಿದ್ದನ್ನೇ ಇಂದು ದುಬಾರಿ ಡಬ್ಬಿಯಲ್ಲಿ ಉಳ್ಳವರಿಗೆ ಮಾರುತ್ತಿರುವುದು ನನಗೇಕೋ ನಗು ತರಿಸುತ್ತದೆ.

ಅತ್ತೆಗೆ ಸೂಪಿನೊಂದಿಗೆ ರಾಗಿಮುದ್ದೆ, ಬೇಯಿಸಿದ ಮೊಟ್ಟೆ, ರಾತ್ರಿ ಹಾಲು ತಪ್ಪದೆ ಕೊಡುತ್ತಿದ್ದೇನೆ. ಸುಣ್ಣದ ಅಂಶಕ್ಕೆ ರಾಗಿ, ಹಾಲು, ಜೆಲಾಟಿನ್‌ನಲ್ಲಿ ಇಲ್ಲದ್ದನ್ನು ತುಂಬಲು ಮೊಟ್ಟೆ. ಕೈ ಮುರಿದಂದಿನಿಂದ ಮುದ್ದೆಯನ್ನು ಅರ್ಧಕ್ಕೇ ಬಿಡುತ್ತಿದ್ದವರು ಬಿಸಿ ಸೂಪು ಇದ್ದರೆ ಪೂರ್ತಿ ನುಂಗುತ್ತಾರೆ, ನನಗೆ ಅಷ್ಟು ಸಾಕು. ಉಳಿದ ಪುಡಿಯನ್ನು ಅಜ್ಜಿಗೆ ಕುಡಿಸುವ ಕೆಲಸವನ್ನು ತಂದವನಿಗೇ ಬಿಟ್ಟಿದ್ದೇನೆ.