ವಾಸ್ಡೇಲ್ ಹೆಡ್: ಕಲ್ಲು ಪೇರಿಸಿ ಕಟ್ಟಿದ ಊರು

ಇಂಗ್ಲೆಂಡಿನ ಕಂಬ್ರಿಯಾದಲ್ಲಿ ವಾಸ್ಟ್‌ವಾಟರ್ ಸರೋವರದ ದಂಡೆಗುಂಟ ಹೋಗುವ ಕಿರಿದಾದ ಡಾಂಬರು ರಸ್ತೆ ವಾಸ್ಡೇಲ್ ಹೆಡ್‌ನಲ್ಲಿ ಮುಗಿಯುತ್ತದೆ. ಆಮೇಲೆ ಏನಿದ್ದರೂ ಕಾಲುದಾರಿ. ಬೆರಳೆಣಿಕೆಯ ರೈತರ ಮನೆಗಳು, ಚಾರಣಿಗರು ಉಳಿಯುವ ಒಂದು ವಸತಿಗೃಹ, ಅದರ ಹಿಂದೆ ಹೇರುಗುದುರೆಗಳ ಕಾಲದ ಕಮಾನು ಸೇತುವೆ, ಯೂ ಮರಗಳ ನಡುವೆ ತಗ್ಗಾದ ಮಾಡಿನ ಸೇಂಟ್ ಓಲಾಫ್ ಚರ್ಚು. ಊರು ಇಷ್ಟೇ. ಬರುವವರ ಕಣ್ಣು ಸಾಮಾನ್ಯವಾಗಿ 978 ಮೀಟರ್ ಎತ್ತರದ ಸ್ಕಾಫೆಲ್ ಪೈಕ್ ಮೇಲಿರುತ್ತದೆ; ಇಂಗ್ಲೆಂಡಿನಲ್ಲಿ ಅದಕ್ಕಿಂತ ಎತ್ತರದ ಬೆಟ್ಟವಿಲ್ಲ. ಆದರೆ ಈ ಊರಿನ ಸ್ವಭಾವ ತಿಳಿಯಬೇಕಾದರೆ ಕಣಿವೆಯ ತಳದ ಹೊಲಗಳನ್ನು ಸುತ್ತಿರುವ ಪಾಗಾರಗಳನ್ನು ನೋಡಬೇಕು.

ಕಣಿವೆಯನ್ನು ಕೊರೆದದ್ದು ಹಿಮನದಿ. ಅದು ಬಿಟ್ಟುಹೋದ ಕಲ್ಲಿನ ಮೇಲೆ ಮೋಸ್‌ಡೇಲ್, ಲಿಂಗ್ಮೆಲ್ ಹಳ್ಳಗಳು ನೆರೆ ಬಂದಾಗಲೆಲ್ಲ ಇನ್ನಷ್ಟು ಕಲ್ಲು ತಂದು ಸುರಿಯುತ್ತವೆ. ಒಂದು ಹಿಡಿ ಹುಲ್ಲು ಬೆಳೆಯಬೇಕಾದರೂ ಮೊದಲು ಕಲ್ಲು ಆರಿಸಬೇಕಿತ್ತು. ಆರಿಸಿದ್ದನ್ನು ಹಾಕಲು ಜಾಗ ಎಲ್ಲಿ? ಪಾಗಾರಕ್ಕೇ ಸೇರಿಸಿದರು. ಹೀಗಾಗಿ ಇಲ್ಲಿನ ಗೋಡೆಗಳು ಕುರಿ ತಡೆಯಲು ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ದಪ್ಪ. ಅಷ್ಟಾದರೂ ಮುಗಿಯದ ಕಲ್ಲು ಹೊಲದ ನಡುವೆ, ಮೂಲೆಗಳಲ್ಲಿ ಗುಡ್ಡೆಯಾಗಿ ಬಿದ್ದಿದೆ. ತಳದ ಹಳೆಯ ಗೋಡೆಗಳು ಅಂಕುಡೊಂಕು. ಈ ಊರಿರುವ ಸರೋವರ ಸೀಮೆಯ (ಲೇಕ್ ಡಿಸ್ಟ್ರಿಕ್ಟ್) ಬೆಟ್ಟಗಳಲ್ಲಿ ನೂಲು ಹಿಡಿದಂತೆ ನೇರವಾಗಿ ಏರುವ ಗೋಡೆಗಳು ಹೆಚ್ಚಾಗಿ 18–19ನೇ ಶತಮಾನದಲ್ಲಿ ಸಾಮೂಹಿಕ ಗೋಮಾಳಗಳನ್ನು ಹಂಚಿದಾಗ ಎದ್ದವು.

ಈ ಗೋಡೆಗೆ ಮಣ್ಣು, ಗಾರೆ ಏನೂ ಇಲ್ಲ. ಮಾಮೂಲಿ ಅಳತೆಯದಾದರೆ ಬುಡದಲ್ಲಿ ಸುಮಾರು 70–80 ಸೆಂಟಿಮೀಟರ್, ಮೇಲೆ ಅದರ ಅರ್ಧ. ಎತ್ತರ ಒಂದೂಕಾಲು–ಒಂದೂವರೆ ಮೀಟರ್. ನಿಜವಾಗಿ ಅದು ಒಂದಕ್ಕೊಂದು ವಾಲಿ ನಿಂತ ಎರಡು ಗೋಡೆ. ಹುಲ್ಲುಮಣ್ಣು ಕೆರೆದು ಗಟ್ಟಿ ನೆಲದ ಮೇಲೆ ದೊಡ್ಡ ಕಲ್ಲು ಕೂರಿಸುತ್ತಾರೆ. ಪ್ರತಿ ಕಲ್ಲಿನ ಉದ್ದ ಗೋಡೆಯ ಒಳಕ್ಕೆ ಹೋಗಬೇಕು, ಕೆಳಗಿನ ಎರಡು ಕಲ್ಲುಗಳ ಸಂದನ್ನು ಮೇಲಿನದು ಮುಚ್ಚಬೇಕು. ನಡುವಿನ ಪೊಳ್ಳಿಗೆ ಚೂರುಗಲ್ಲನ್ನು ಕೈಯಿಂದಲೇ ಇಟ್ಟು ಬಿಗಿಯಬೇಕು, ಸಲಿಕೆಯಲ್ಲಿ ಸುರಿಯುವಂತಿಲ್ಲ. ಅರ್ಧ ಎತ್ತರದ ಹೊತ್ತಿಗೆ ಮೀಟರಿಗೊಂದರಂತೆ ಎರಡೂ ಮುಖ ಮುಟ್ಟುವ ಅಡ್ಡಗಲ್ಲು, ಕೊನೆಗೆ ನೆತ್ತಿಯ ಮೇಲೆ ಒತ್ತಾಗಿ ನಿಲ್ಲಿಸಿದ ಭಾರದ ಕಲ್ಲುಸಾಲು. ಪಳಗಿದವರ ಕೈಯಲ್ಲೂ ದಿನಕ್ಕೆ ಎರಡು ಮೂರು ಮೀಟರ್ ಎದ್ದರೆ ಒಳ್ಳೆಯ ಕೆಲಸವೇ.

ಬೀಳುವುದಕ್ಕೆ ಕಾರಣಗಳು ಬೇಕಾದಷ್ಟಿವೆ. ಅಂದ ಕಾಣಲಿ ಎಂದು ಕಲ್ಲಿನ ಉದ್ದವನ್ನು ಹೊರಮುಖಕ್ಕೆ ಮಲಗಿಸಿದರೆ ಅದಕ್ಕೆ ಒಳಗೆ ಹಿಡಿತವೇ ಇರುವುದಿಲ್ಲ. ಒಂದರ ಮೇಲೊಂದು ಸಂದು ಬಂದರೆ ಅಲ್ಲೇ ಸೀಳು. ಒಳಗೆ ಮಣ್ಣು ತುಂಬಿದ್ದರೆ ಇನ್ನೂ ಕೆಟ್ಟದ್ದು: ಮಳೆಗೆ ನೆನೆದು, ಚಳಿಗೆ ಹೆಪ್ಪುಗಟ್ಟಿ, ಉಬ್ಬಿ, ಗೋಡೆಯ ಹೊಟ್ಟೆ ಮುಂದಕ್ಕೆ ಬರುತ್ತದೆ. ಇಲ್ಲಿ ಮಳೆಯೂ ಅಂಥದ್ದೇ. ಸ್ಟೈ ಹೆಡ್ ಕಣಿವೆದಾರಿ ದಾಟಿದರೆ ಸಿಗುವ ಸೀತ್‌ವೇಟ್‌ನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ದಯವಿಟ್ಟು ಗೋಡೆ ಹತ್ತಬೇಡಿ. ನೆತ್ತಿಯ ಒಂದು ಕಲ್ಲು ಸಡಿಲವಾದರೆ ಪಕ್ಕದ್ದೂ ಹಿಡಿತ ಕಳೆದುಕೊಳ್ಳುತ್ತದೆ, ಅದರ ಹಿಂದೆ ಕುರಿ ಹಾರುತ್ತದೆ. ಬಿದ್ದ ಜಾಗವನ್ನು ಮೇಲಿಂದ ತೇಪೆ ಹಾಕಿದರೆ ನಿಲ್ಲುವುದಿಲ್ಲ. ಗಟ್ಟಿ ಭಾಗ ಸಿಗುವವರೆಗೂ ಎರಡು ಕಡೆ ಬಿಚ್ಚಿ, ಕಲ್ಲನ್ನು ಗಾತ್ರದ ಪ್ರಕಾರ ಬೇರೆ ಬೇರೆ ಹರಡಿಕೊಂಡು, ಅಗತ್ಯವಿದ್ದರೆ ಬುನಾದಿಯಿಂದ ಮತ್ತೆ ಎಬ್ಬಿಸಬೇಕು.

ಗೋಡೆಯ ಬುಡದಲ್ಲಿ ಅಲ್ಲಲ್ಲಿ ಚೌಕ ಕಿಂಡಿ ಕಾಣುತ್ತದೆ. ಕುರಿ ನುಸುಳಲು ಬಿಟ್ಟದ್ದು. ದನ ಆಚೆಯೇ ಉಳಿಯುತ್ತದೆ. ಇಲ್ಲಿನ ಕುರಿ ಹೆರ್ಡ್‌ವಿಕ್ ತಳಿ. ಹುಟ್ಟಿದ ಮರಿ ಕಪ್ಪು, ಬೆಳೆದಂತೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಹುಲ್ಲು ತಡವಾಗಿ ಚಿಗುರುವ ಬೆಟ್ಟವಾದ್ದರಿಂದ ಮರಿ ಹಾಕುವ ಕಾಲ ಏಪ್ರಿಲ್ ನಡುವಿನಿಂದ ಮೇ ತಿಂಗಳಿಗೆ ಬೀಳುವಂತೆ ಟಗರು ಬಿಡುತ್ತಾರೆ.

ಗೋಡೆಗಿಂತಲೂ ನನಗೆ ಬೆಲೆಯುಳ್ಳದ್ದೆನಿಸುವುದು ಗೋಡೆ ಮುಗಿದ ಮೇಲಿನ ವ್ಯವಸ್ಥೆ. ಎತ್ತರದ ಬಯಲು ಬೆಟ್ಟದಲ್ಲಿ ಬೇಲಿಯಿಲ್ಲ, ಆದರೂ ಒಂದೊಂದು ಮಂದೆ ತನ್ನ ಪಾಲಿನ ಇಳಿಜಾರಿನಲ್ಲೇ ಮೇಯುತ್ತದೆ. ತಾಯಿಯ ಜೊತೆ ತಿರುಗಾಡಿದ ಮರಿ ಆ ಎಲ್ಲೆಯನ್ನು ಕಲಿತುಕೊಳ್ಳುತ್ತದೆ, ದೊಡ್ಡದಾಗಿ ತನ್ನ ಮರಿಗೆ ಕಲಿಸುತ್ತದೆ. 2001ರ ಕಾಲುಬಾಯಿ ರೋಗದಲ್ಲಿ ಕಂಬ್ರಿಯಾದ ಮಂದೆಗಳನ್ನು ಕೊಂದಾಗ ಜನ ಹೆಚ್ಚು ಹೆದರಿದ್ದು ಇದಕ್ಕೇ. ಕುರಿ ಕೊಳ್ಳಬಹುದು, ಅದರ ಎಲ್ಲೆಯರಿವನ್ನು ಕೊಳ್ಳಲಾಗದು. ಹೊಸ ಮಂದೆಗೆ ಅದು ಬರಬೇಕಾದರೆ ಕುರುಬ ವರ್ಷಗಟ್ಟಲೆ ಬೆಟ್ಟದಲ್ಲಿ ನಿಂತು ದಾಟಿದ್ದನ್ನು ದಾಟಿದಂತೆ ಹಿಂದಕ್ಕೆ ಅಟ್ಟಬೇಕು. ಈ ಸೀಮೆಯ ಎಷ್ಟೋ ಗೇಣಿ ಜಮೀನುಗಳಲ್ಲಿ ಗೇಣಿದಾರ ಬದಲಾದರೂ ಬೆಟ್ಟದ ಮಂದೆ ಜಮೀನಿನ ಜೊತೆಯಲ್ಲೇ ಉಳಿಯುವುದೂ ಅದಕ್ಕೇ. ಬಿಟ್ಟುಹೋಗುವವನು ಎಣಿಸಿ ಒಪ್ಪಿಸುತ್ತಾನೆ, ಬರುವವನು ಎಣಿಸಿ ತೆಗೆದುಕೊಳ್ಳುತ್ತಾನೆ.